ಕಾಡಿನ ನಾಯಕ ಮತ್ತು ಸೂಪರ್‌ಹೀರೋ ಮುಖಾಮುಖಿ (ಅಭಿಮಾನಿ ಕಲೆ)

ಕಾಡಿನ ನಾಯಕ ಮತ್ತು ಸೂಪರ್‌ಹೀರೋ ಮುಖಾಮುಖಿಯು ಅಭಿಮಾನಿ ಕಲೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ವಸ್ತು. ಟಾರ್ಜನ್, ಮೌಗ್ಲಿ, ಫ್ಯಾಂಟಮ್ ಮೊದಲಾದ ಹಳೆಯ ತಲೆಮಾರಿನ ಕಾಡಿನ ನಾಯಕರನ್ನು ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್ ಮೊದಲಾದ ಸೂಪರ್‌ಹೀರೋಗಳ ಎದುರು ನಿಲ್ಲಿಸಿ ಓದುಗರು ರಚಿಸುವ ಚಿತ್ರಗಳು ಈ ಗುಂಪಿಗೆ ಸೇರುತ್ತವೆ. ‘ಇಬ್ಬರಲ್ಲಿ ಯಾರು ಗೆಲ್ಲುತ್ತಾರೆ?’ ಎಂಬುದು ಇಂತಹ ಚಿತ್ರಗಳ ಮೇಲ್ನೋಟದ ಪ್ರಶ್ನೆ. ಆದರೆ ಅದಕ್ಕೆ ಸಿಗುವ ಉತ್ತರವು ಬಲಾಬಲಕ್ಕಿಂತ ಹೆಚ್ಚಾಗಿ ಕಾದಾಟ ನಡೆಯುವ ಸ್ಥಳವನ್ನು ಅವಲಂಬಿಸಿರುತ್ತದೆ. ಕಾಡಿನ ನಾಯಕನ ಶಕ್ತಿಯು ತನ್ನ ನೆಲದ ಪರಿಚಯದಿಂದ ಬರುತ್ತದೆ. ಸೂಪರ್‌ಹೀರೋನ ಶಕ್ತಿಯು ಬಹುತೇಕ ಹೊರಗಿನಿಂದ ಬಂದದ್ದು. ಈ ವ್ಯತ್ಯಾಸವೇ ಈ ಪ್ರಕಾರದ ಕೇಂದ್ರವಸ್ತು. ಕಾಡು ನಿಜವಾಗಿ ಯಾರದು ಎಂಬ ಪ್ರಶ್ನೆಯೂ ಇದರೊಂದಿಗೆ ಬೆಸೆದುಕೊಂಡಿದೆ.

ಅಭಿಮಾನಿ ಕಲೆ

ಕಥೆ, ಚಲನಚಿತ್ರ ಅಥವಾ ಚಿತ್ರಕಥೆಯ ಪಾತ್ರವನ್ನು ಅದರ ಮೂಲ ಕರ್ತೃವಲ್ಲದವರು ತಮ್ಮ ಮೆಚ್ಚುಗೆಯಿಂದ ಹೊಸದಾಗಿ ಚಿತ್ರಿಸಿದಾಗ ಅದನ್ನು ಅಭಿಮಾನಿ ಕಲೆ ಎನ್ನಲಾಗುತ್ತದೆ. ಇದು ಮೂಲದ ನಕಲು ಮಾತ್ರವಲ್ಲ. ಮೂಲ ಕೃತಿಯಲ್ಲಿ ನಡೆಯದ ಘಟನೆ, ಭೇಟಿಯಾಗದ ಪಾತ್ರಗಳು, ಬೇರೆ ಕಾಲ ಮತ್ತು ಬೇರೆ ಊರು ಇದರಲ್ಲಿ ಸಾಧ್ಯವಾಗುತ್ತವೆ. ಬೇರೆ ಬೇರೆ ಪ್ರಕಾಶಕರ ಒಡೆತನದಲ್ಲಿರುವ ಎರಡು ಪಾತ್ರಗಳನ್ನು ಒಂದೇ ಚೌಕಟ್ಟಿನಲ್ಲಿ ತರಲು ಪ್ರಕಾಶಕರಿಗೆ ಒಪ್ಪಂದಗಳು ಬೇಕಾಗುತ್ತವೆ; ಅಭಿಮಾನಿಗೆ ಒಂದು ಹಾಳೆ ಮತ್ತು ಪೆನ್ಸಿಲ್ ಸಾಕು.

ಕರ್ನಾಟಕದಲ್ಲಿ ಅಭಿಮಾನಿ ಕಲೆಯು ಕಾಮಿಕ್ಸ್‌ಗಿಂತ ಹೆಚ್ಚಾಗಿ ಚಲನಚಿತ್ರದೊಂದಿಗೆ ಬೆಳೆದಿದೆ. ಚಿತ್ರಮಂದಿರಗಳ ಮುಂದಿನ ಕಟೌಟ್‌ಗಳು, ಕೈಬರಹದ ಭಿತ್ತಿಚಿತ್ರಗಳು ಹಾಗೂ ಆಟೋರಿಕ್ಷಾಗಳ ಹಿಂಬದಿಯ ಚಿತ್ರಗಳು ಇದಕ್ಕೆ ಉದಾಹರಣೆಗಳು. 1980ರ ‘ಆಟೋ ರಾಜ’ ಚಿತ್ರದ ನಂತರ ಶಂಕರ್ ನಾಗ್ ಅವರ ಭಾವಚಿತ್ರವು ರಾಜ್ಯದ ಆಟೋಗಳ ಮೇಲೆ ನೆಲೆಯೂರಿತು. ನಾಯಕನನ್ನು ತೆರೆಯಿಂದ ಇಳಿಸಿ ತಮ್ಮ ಬೀದಿಗೆ ತಂದುಕೊಳ್ಳುವ ಈ ಅಭ್ಯಾಸವು ಕಾಮಿಕ್ಸ್ ಅಭಿಮಾನಿಗಳ ಕಲೆಗೂ ಅನ್ವಯಿಸುತ್ತದೆ.

ಕಾಡಿನ ನಾಯಕನ ಮಾದರಿ

ಆಧುನಿಕ ಸಾಹಿತ್ಯದಲ್ಲಿ ಕಾಡಿನ ನಾಯಕನ ಮಾದರಿಗೆ ಮುಖ್ಯವಾಗಿ ಮೂರು ಮೂಲಗಳಿವೆ.

ಮೊದಲನೆಯದು ಮೌಗ್ಲಿ. ಮುಂಬಯಿಯಲ್ಲಿ ಜನಿಸಿದ ರುಡ್ಯಾರ್ಡ್ ಕಿಪ್ಲಿಂಗ್ ಅವರ ‘ದಿ ಜಂಗಲ್ ಬುಕ್’ 1894ರಲ್ಲಿ ಪ್ರಕಟವಾಯಿತು. ತೋಳಗಳ ನಡುವೆ ಬೆಳೆಯುವ ಈ ಬಾಲಕ ಕಾಡಿನ ನಿಯಮಗಳನ್ನು ಕಲಿತು ಬದುಕುತ್ತಾನೆ.

ಎರಡನೆಯದು ಟಾರ್ಜನ್. ಅಮೆರಿಕದ ಲೇಖಕ ಎಡ್ಗರ್ ರೈಸ್ ಬರೋಸ್ ಅವರ ‘ಟಾರ್ಜನ್ ಆಫ್ ದಿ ಏಪ್ಸ್’ 1912ರಲ್ಲಿ ಪತ್ರಿಕೆಯಲ್ಲಿ, 1914ರಲ್ಲಿ ಪುಸ್ತಕವಾಗಿ ಹೊರಬಂದಿತು. ಆಫ್ರಿಕದ ಕಾಡಿನಲ್ಲಿ ವಾನರಗಳು ಸಾಕಿದ ಇಂಗ್ಲಿಷ್ ಶ್ರೀಮಂತ ಮನೆತನದ ಮಗು ಇದರ ನಾಯಕ. 1929ರ ಜನವರಿಯಲ್ಲಿ ಹ್ಯಾಲ್ ಫಾಸ್ಟರ್ ಅವರ ಚಿತ್ರಗಳೊಂದಿಗೆ ಟಾರ್ಜನ್ ಪತ್ರಿಕಾ ಚಿತ್ರಕಥೆಯಾಯಿತು. ಒಲಿಂಪಿಕ್ ಈಜುಗಾರ ಜಾನಿ ವೈಸ್‌ಮುಲ್ಲರ್ 1932ರಿಂದ 1948ರವರೆಗೆ 12 ಚಲನಚಿತ್ರಗಳಲ್ಲಿ ಈ ಪಾತ್ರವನ್ನು ನಿರ್ವಹಿಸಿದರು.

ಮೂರನೆಯದು ಫ್ಯಾಂಟಮ್. ಲೀ ಫಾಕ್ ಸೃಷ್ಟಿಸಿದ ಈ ಪಾತ್ರವು 1936ರ ಫೆಬ್ರವರಿ 17ರಂದು ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ತಲೆಬುರುಡೆಯ ಆಕಾರದ ಗುಹೆಯಲ್ಲಿ ವಾಸಿಸುವ ಫ್ಯಾಂಟಮ್‌ಗೆ ಯಾವುದೇ ಅತಿಮಾನುಷ ಶಕ್ತಿಯಿಲ್ಲ. ತಂದೆಯಿಂದ ಮಗನಿಗೆ ಬರುವ ವೇಷ ಮತ್ತು ಕರ್ತವ್ಯದಿಂದಾಗಿ ಆತ ಸಾವಿಲ್ಲದವನೆಂದು ಕಾಡಿನ ಜನ ನಂಬುತ್ತಾರೆ. ಮೈಗಂಟಿದ ಉಡುಪು ಮತ್ತು ಕಣ್ಣಪಾಪೆ ಕಾಣದ ಮುಖವಾಡ ಫ್ಯಾಂಟಮ್‌ನ ಗುರುತು. ನಂತರ ಬಂದ ಸೂಪರ್‌ಹೀರೋಗಳ ವೇಷಭೂಷಣವನ್ನು ಈ ಪಾತ್ರವು ಮೊದಲೇ ಸೂಚಿಸಿತ್ತು. ಹೀಗಾಗಿ ಫ್ಯಾಂಟಮ್‌ನನ್ನು ಕಾಡಿನ ನಾಯಕನಿಗೂ ಸೂಪರ್‌ಹೀರೋಗೂ ನಡುವಿನ ಕೊಂಡಿ ಎಂದು ಪರಿಗಣಿಸಬಹುದು.

ಸೂಪರ್‌ಹೀರೋನ ಆಗಮನ

ಸೂಪರ್‌ಮ್ಯಾನ್ 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ, ಸ್ಪೈಡರ್‌ಮ್ಯಾನ್ 1962ರಲ್ಲಿ ಪ್ರಕಟವಾದರು. ಸೂಪರ್‌ಮ್ಯಾನ್ ಬೇರೆ ಗ್ರಹದಿಂದ ಬಂದವನು. ಸ್ಪೈಡರ್‌ಮ್ಯಾನ್‌ನ ಶಕ್ತಿ ಜೇಡದ ಕಡಿತದಿಂದ ಬಂದದ್ದು. ಬ್ಯಾಟ್‌ಮ್ಯಾನ್‌ನ ಬಲ ಸಂಪತ್ತು, ಯಂತ್ರ ಮತ್ತು ಕಠಿಣ ಅಭ್ಯಾಸದಲ್ಲಿದೆ. ಇವರ ಕಾರ್ಯಕ್ಷೇತ್ರ ನಗರ. ಎತ್ತರದ ಕಟ್ಟಡಗಳು, ರಾತ್ರಿಯ ಬೀದಿಗಳು ಮತ್ತು ಪತ್ರಿಕಾ ಕಚೇರಿಗಳಿಲ್ಲದೆ ಈ ಕಥೆಗಳನ್ನು ಊಹಿಸುವುದು ಕಷ್ಟ. ಕಾಡಿನ ನಾಯಕ ಬಳ್ಳಿ ಹಿಡಿದು ಜೀಕುವುದಕ್ಕೂ ಸ್ಪೈಡರ್‌ಮ್ಯಾನ್ ಕಟ್ಟಡಗಳ ನಡುವೆ ಬಲೆಯ ನೂಲಿನಲ್ಲಿ ತೂಗುವುದಕ್ಕೂ ಇರುವ ಹೋಲಿಕೆಯು ಚಿತ್ರಕಾರರಿಗೆ ಸುಲಭವಾಗಿ ಒದಗುವ ಸಾಮ್ಯ.

ಪ್ರಕಟಿತ ಮುಖಾಮುಖಿಗಳು

ಅಭಿಮಾನಿಗಳ ಕಲ್ಪನೆಯನ್ನು ಪ್ರಕಾಶಕರೂ ಕೆಲವು ಬಾರಿ ಕೈಗೆತ್ತಿಕೊಂಡಿದ್ದಾರೆ. ಅವುಗಳಲ್ಲಿ ಮುಖ್ಯವಾದವು ಇವು:

1966: ‘ಫೆಂಟಾಸ್ಟಿಕ್ ಫೋರ್’ ಮಾಲೆಯ 52ನೆಯ ಸಂಚಿಕೆಯಲ್ಲಿ ವಕಾಂಡ ಎಂಬ ಕಲ್ಪಿತ ಆಫ್ರಿಕನ್ ರಾಜ್ಯದ ದೊರೆ ಬ್ಲ್ಯಾಕ್ ಪ್ಯಾಂಥರ್ ಮೊದಲ ಬಾರಿಗೆ ಬರುತ್ತಾನೆ. ಆತ ನಾಲ್ವರು ಸೂಪರ್‌ಹೀರೋಗಳನ್ನು ತನ್ನ ನಾಡಿಗೆ ಆಹ್ವಾನಿಸಿ, ಯಂತ್ರಗಳಿಂದ ನಿರ್ಮಿಸಿದ ಕಾಡಿನಲ್ಲಿ ಅವರನ್ನು ಬೇಟೆಯಾಡಿ ಪರೀಕ್ಷಿಸುತ್ತಾನೆ.

1986: ‘ಡಿಫೆಂಡರ್ಸ್ ಆಫ್ ದಿ ಅರ್ಥ್’ ಅನಿಮೇಷನ್ ಮಾಲೆಯಲ್ಲಿ ಫ್ಯಾಂಟಮ್, ಮಾಂಡ್ರೇಕ್, ಲೋಥಾರ್ ಮತ್ತು ಫ್ಲ್ಯಾಶ್ ಗಾರ್ಡನ್ ಒಂದೇ ತಂಡವಾಗುತ್ತಾರೆ. ಇಲ್ಲಿ ಮುಖಾಮುಖಿಯ ಬದಲು ಮೈತ್ರಿಯಿದೆ.

1999: ‘ಬ್ಯಾಟ್‌ಮ್ಯಾನ್/ಟಾರ್ಜನ್: ಕ್ಲಾಸ್ ಆಫ್ ದಿ ಕ್ಯಾಟ್-ವುಮನ್’ ಕೃತಿಯನ್ನು ರಾನ್ ಮಾರ್ಜ್ ಬರೆದು ಇಗೊರ್ ಕೊರ್ಡೇ ಚಿತ್ರಿಸಿದರು. ತಂದೆತಾಯಿಯನ್ನು ಕಳೆದುಕೊಂಡ ಇಬ್ಬರು ಶ್ರೀಮಂತ ಮನೆತನದ ಮಕ್ಕಳು, ಒಬ್ಬ ನಗರದವನು, ಇನ್ನೊಬ್ಬ ಕಾಡಿನವನು, ಎಂಬ ಸಾಮ್ಯ ಈ ಜೋಡಿಯಲ್ಲಿದೆ.

2001: ‘ಸೂಪರ್‌ಮ್ಯಾನ್/ಟಾರ್ಜನ್: ಸನ್ಸ್ ಆಫ್ ದಿ ಜಂಗಲ್’ ಮಾಲೆಯನ್ನು ಚಕ್ ಡಿಕ್ಸನ್ ಬರೆದರು, ಕಾರ್ಲೋಸ್ ಮೆಗ್ಲಿಯಾ ಚಿತ್ರಿಸಿದರು. ಇದರಲ್ಲಿ ಅನ್ಯಗ್ರಹದ ಶಿಶುವನ್ನು ಹೊತ್ತ ನೌಕೆ ಆಫ್ರಿಕದ ಕಾಡಿನಲ್ಲಿ ಇಳಿಯುತ್ತದೆ. ಮಗುವನ್ನು ವಾನರಗಳು ಸಾಕುತ್ತವೆ. ಟಾರ್ಜನ್ ಆಗಬೇಕಿದ್ದವನು ಇಂಗ್ಲೆಂಡಿನಲ್ಲಿ ಬೆಳೆಯುತ್ತಾನೆ.

ಕೊನೆಯ ಕೃತಿಯು ಈ ಪ್ರಕಾರದ ತರ್ಕವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಹುಟ್ಟಿಗಿಂತ ಬೆಳೆದ ನೆಲವೇ ನಾಯಕನನ್ನು ರೂಪಿಸುತ್ತದೆ ಎಂಬುದು ಅದರ ಕಥಾಸೂತ್ರ.

ಕನ್ನಡ ಓದುಗರು ಮತ್ತು ಕಾಡಿನ ನಾಯಕರು

ಕನ್ನಡದಲ್ಲಿ ಈ ಪಾತ್ರಗಳ ಪರಿಚಯವು ಬಹುಮಟ್ಟಿಗೆ ಇಂದ್ರಜಾಲ ಕಾಮಿಕ್ಸ್ ಮೂಲಕ ಆಯಿತು. ಟೈಮ್ಸ್ ಆಫ್ ಇಂಡಿಯಾ ಸಮೂಹವು 1964ರ ಮಾರ್ಚ್‌ನಲ್ಲಿ ಆರಂಭಿಸಿದ ಈ ಮಾಲೆ 1990ರವರೆಗೆ ನಡೆಯಿತು. ಇಂಗ್ಲಿಷ್ ಮತ್ತು ಹಿಂದಿಯ ಜೊತೆಗೆ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಇದು ಪ್ರಕಟವಾಯಿತು. ಇದರ ಪ್ರಧಾನ ನಾಯಕ ಫ್ಯಾಂಟಮ್. ಮೂಲದಲ್ಲಿ ‘ಬಂಗಾಲ’ ಎಂಬುದನ್ನು ಹೋಲುವ ಹೆಸರಿದ್ದ ಫ್ಯಾಂಟಮ್‌ನ ನಾಡು ಭಾರತೀಯ ಆವೃತ್ತಿಗಳಲ್ಲಿ ‘ಡೆಂಕಾಲಿ’ ಆಯಿತು. ಓದುಗರ ನೆಲಕ್ಕೆ ತಕ್ಕಂತೆ ಕಾಡಿನ ಹೆಸರೇ ಬದಲಾದ ಈ ನಿದರ್ಶನವು ಗಮನಾರ್ಹವಾದುದು. 1976ರಲ್ಲಿ ಇದೇ ಮಾಲೆಯಲ್ಲಿ ಆಬಿದ್ ಸುರತಿ ಸೃಷ್ಟಿಸಿದ ‘ಬಹಾದ್ದೂರ್’ ಎಂಬ ಭಾರತೀಯ ನಾಯಕನೂ ಕಾಣಿಸಿಕೊಂಡನು.

ದಕ್ಷಿಣ ಕನ್ನಡದ ಭಾಗವಾಗಿದ್ದ ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈ ಅವರು ಇಂದ್ರಜಾಲ ಕಾಮಿಕ್ಸ್‌ನ ಆರಂಭದ ದಿನಗಳಲ್ಲಿ ಆ ಸಂಸ್ಥೆಯಲ್ಲಿ ಕೆಲಸ ಮಾಡಿದ್ದರು. ವಿದೇಶಿ ನಾಯಕರ ಕಥೆಗಳ ಜನಪ್ರಿಯತೆಯನ್ನು ಹತ್ತಿರದಿಂದ ಕಂಡ ಅವರು ಮುಂದೆ ‘ಅಮರ ಚಿತ್ರ ಕಥೆ’ಯ ಸಂಪಾದಕರಾಗಿ ಪುರಾಣ ಮತ್ತು ಇತಿಹಾಸದ ಪಾತ್ರಗಳನ್ನು ಚಿತ್ರಕಥೆಗೆ ತಂದರು.

ಕನ್ನಡ ಚಲನಚಿತ್ರದಲ್ಲಿ ಕಾಡಿನ ನಾಯಕ ಬೇರೆ ರೂಪ ತಾಳಿದನು. ಟೈಗರ್ ಪ್ರಭಾಕರ್ ಅಭಿನಯದ ‘ಕಾಡಿನ ರಾಜ’ (1985) ಟಾರ್ಜನ್ ಮಾದರಿಯನ್ನು ಅನುಸರಿಸಿತು. ಅದಕ್ಕೂ ಮೊದಲು, 1973ರ ‘ಗಂಧದ ಗುಡಿ’ಯಲ್ಲಿ ಡಾ. ರಾಜ್‌ಕುಮಾರ್ ಅರಣ್ಯಾಧಿಕಾರಿಯ ಪಾತ್ರ ವಹಿಸಿದ್ದರು. ಈ ನಾಯಕನು ಕಾಡಿನ ದೊರೆಯಲ್ಲ, ಅದರ ಕಾವಲುಗಾರ. ಪುನೀತ್ ರಾಜ್‌ಕುಮಾರ್ ಕಾಣಿಸಿಕೊಂಡ ಸಾಕ್ಷ್ಯಚಿತ್ರವು 2022ರಲ್ಲಿ ಅದೇ ಹೆಸರಿನಲ್ಲಿ ಬಿಡುಗಡೆಯಾಯಿತು.

ಸೂಪರ್‌ಹೀರೋನೂ ಭಾರತಕ್ಕೆ ಬಂದಾಗ ಬದಲಾಗಿದ್ದಾನೆ. 2004ರ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ಮಾಲೆಯ ನಾಯಕ ಪವಿತ್ರ ಪ್ರಭಾಕರ್ ಮುಂಬಯಿಯಲ್ಲಿ ವಾಸಿಸುವ, ಧೋತಿ ಉಟ್ಟ ಸ್ಪೈಡರ್‌ಮ್ಯಾನ್. ಇದನ್ನು ಚಿತ್ರಿಸಿದವರು ಜೀವನ್ ಕಾಂಗ್. 2012ರಿಂದ ಬೆಂಗಳೂರಿನಲ್ಲಿ ಕಾಮಿಕ್ ಕಾನ್ ಸಮಾವೇಶಗಳು ನಡೆಯತೊಡಗಿದ ಮೇಲೆ ಅಭಿಮಾನಿ ಚಿತ್ರಗಳನ್ನು ಪ್ರದರ್ಶಿಸಲು ಹಾಗೂ ವೇಷ ಧರಿಸಿ ಪಾತ್ರಗಳನ್ನು ಅನುಕರಿಸಲು ಒಂದು ಸಾರ್ವಜನಿಕ ವೇದಿಕೆ ದೊರೆಯಿತು.

ಸಾಬು ದಸ್ತಗೀರ್

ಕಾಡಿನ ನಾಯಕನ ಜಾಗತಿಕ ಚಿತ್ರಣದಲ್ಲಿ ಮೈಸೂರು ಸಂಸ್ಥಾನಕ್ಕೆ ನೇರ ಪಾಲಿದೆ. ಎಚ್.ಡಿ. ಕೋಟೆ ಪ್ರದೇಶದ ಕಾರಾಪುರದಲ್ಲಿ 1924ರ ಜನವರಿ 27ರಂದು ಜನಿಸಿದ ಸಾಬು ಮಾವುತನೊಬ್ಬನ ಮಗ. ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ಟಾನ್ ಕೋರ್ಡಾ ನಿರ್ದೇಶಿಸಿದ ‘ಎಲಿಫೆಂಟ್ ಬಾಯ್’ (1937) ಚಿತ್ರದಲ್ಲಿ ಅವರು ಮುಖ್ಯ ಪಾತ್ರ ವಹಿಸಿದರು; ಆ ಚಿತ್ರದ ಹೊರಾಂಗಣ ಭಾಗಗಳು ಮೈಸೂರು ಸೀಮೆಯಲ್ಲಿ ಚಿತ್ರೀಕರಣಗೊಂಡವು. 1942ರ ‘ಜಂಗಲ್ ಬುಕ್’ ಚಿತ್ರದಲ್ಲಿ ಸಾಬು ಮೌಗ್ಲಿಯಾದರು. ಅವರು 1944ರಲ್ಲಿ ಅಮೆರಿಕದ ಪೌರತ್ವ ಪಡೆದು, ಎರಡನೆಯ ಮಹಾಯುದ್ಧದಲ್ಲಿ ಅಲ್ಲಿನ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದರು. 1963ರ ಡಿಸೆಂಬರ್ 2ರಂದು ನಿಧನರಾದರು.

ಸೂಪರ್‌ಮ್ಯಾನ್ ಮುದ್ರಣದಲ್ಲಿ ಕಾಣಿಸಿಕೊಳ್ಳುವ ಹಿಂದಿನ ವರ್ಷವೇ ಕಬಿನಿ ತೀರದ ಬಾಲಕನೊಬ್ಬ ವಿಶ್ವದ ತೆರೆಯ ಮೇಲೆ ಕಾಡಿನ ನಾಯಕನಾಗಿದ್ದನು. ಆನೆಯೊಂದಿಗಿನ ಸಾಬು ಅವರ ಒಡನಾಟವು ಅಭಿನಯಕ್ಕಾಗಿ ಕಲಿತದ್ದಲ್ಲ, ಮನೆತನದ ವೃತ್ತಿಯಿಂದ ಬಂದದ್ದು. ಆದರೂ ಕಾಡಿನ ನಾಯಕನೆಂದಾಗ ಜಗತ್ತಿನ ಕಣ್ಣಿಗೆ ಕಟ್ಟಿದ್ದು ವೈಸ್‌ಮುಲ್ಲರ್ ಅವರ ಟಾರ್ಜನ್. ಸಾಬು ಅವರಿಗೆ ಹಾಲಿವುಡ್‌ನಲ್ಲಿ ದೊರೆತವು ಬಹುತೇಕ ಕಾಡು ಮತ್ತು ದೂರದ ದ್ವೀಪಗಳ ‘ವಿಲಕ್ಷಣ’ ಪಾತ್ರಗಳೇ ಆಗಿದ್ದವು.

ಸ್ಥಳದ ಪಾತ್ರ

ಈ ಪ್ರಕಾರದ ಚಿತ್ರಗಳಲ್ಲಿ ಹಿನ್ನೆಲೆಯು ಅಲಂಕಾರವಲ್ಲ. ಅದೇ ಕಥೆಯ ತೀರ್ಪುಗಾರ. ಬಯಲಿನಲ್ಲಿ ಟಾರ್ಜನ್ ಮತ್ತು ಸೂಪರ್‌ಮ್ಯಾನ್ ಎದುರಾದರೆ ಕಾದಾಟ ಕ್ಷಣದಲ್ಲಿ ಮುಗಿಯುತ್ತದೆ. ದಟ್ಟ ಕಾಡಿನಲ್ಲಿ ಬ್ಯಾಟ್‌ಮ್ಯಾನ್ ಎದುರಾದರೆ, ಹೆಜ್ಜೆಗುರುತು ಓದಬಲ್ಲವನಿಗೂ ಗಾಳಿಯ ದಿಕ್ಕು ಅರಿತವನಿಗೂ ಅವಕಾಶ ಹೆಚ್ಚು. ಆದ್ದರಿಂದ ಚಿತ್ರಕಾರರು ಸೂಪರ್‌ಹೀರೋನನ್ನು ನಗರದಿಂದ ಹೊರತಂದು ಅವನ ಅನುಕೂಲಗಳನ್ನು ಕಡಿಮೆ ಮಾಡುವುದುಂಟು.

ಕರ್ನಾಟಕದ ಭೂದೃಶ್ಯದಲ್ಲಿ ಇದಕ್ಕೆ ತಕ್ಕ ಉದಾಹರಣೆ ರಾಮನಗರ ಸೀಮೆ. ರಾಮನಗರ ತಾಲ್ಲೂಕಿನ ಕೂಟಗಲ್‌ನಿಂದ ಮಾಗಡಿ ತಾಲ್ಲೂಕಿನ ಸಾವನದುರ್ಗದವರೆಗೆ ಹೆಬ್ಬಂಡೆಗಳ ಬೆಟ್ಟಗಳು, ಅವುಗಳ ನಡುವೆ ಕುರುಚಲು ಕಾಡು ಹಬ್ಬಿವೆ. ಇಲ್ಲಿನ ಶಿಲೆಯನ್ನು ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರಿನಿಂದ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. 1973ರಲ್ಲಿ ಚಿತ್ರೀಕರಣ ಆರಂಭಿಸಿ 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಡಕಾಯಿತರ ಅಡಗುತಾಣ ಈ ಬಂಡೆಗಳ ನಡುವೆಯೇ ಇತ್ತು. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಧಾಮವೆಂದು ಘೋಷಿಸಲಾಯಿತು. ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಯು ಕಾವೇರಿಯನ್ನು ಸೇರುವ ಸಂಗಮದ ಕಾಡು ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ ಅವರ ಬರವಣಿಗೆಯಲ್ಲಿ ಬರುತ್ತದೆ. ಆಂಡರ್ಸನ್ ಅವರ ಅನುಭವಗಳನ್ನು ಕೆ.ಪಿ. ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕಥೆಗಳು’ ಮಾಲೆಯ ಮೂಲಕ ಕನ್ನಡಕ್ಕೆ ತಂದರು.

ಇಂತಹ ನೆಲದಲ್ಲಿ ಬಳ್ಳಿ ಹಿಡಿದು ಜೀಕುವ ಟಾರ್ಜನ್‌ಗೂ ಗಗನಚುಂಬಿ ಕಟ್ಟಡಗಳನ್ನು ನಂಬಿದ ಸ್ಪೈಡರ್‌ಮ್ಯಾನ್‌ಗೂ ಸಮಾನ ತೊಡಕು ಎದುರಾಗುತ್ತದೆ. ಮಳೆಕಾಡಿನ ಮರಗಳಿಲ್ಲದ ಕುರುಚಲು ಕಾಡಿನಲ್ಲಿ ಬಂಡೆಯ ಸಂದು, ನೆರಳು ಮತ್ತು ನೀರಿನ ತಾವು ತಿಳಿದವನೇ ಬಲಶಾಲಿ.

ಚಿತ್ರಣದ ವಿಧಾನ

ಮುಖಾಮುಖಿ ಚಿತ್ರಗಳಲ್ಲಿ ಕೆಲವು ತಂತ್ರಗಳು ಪದೇ ಪದೇ ಬಳಕೆಯಾಗುತ್ತವೆ.

ದೃಷ್ಟಿಕೋನ: ಸೂಪರ್‌ಹೀರೋನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಂತೆ ಬರೆದರೆ ಅವನ ಎತ್ತರ ಹಿಗ್ಗುತ್ತದೆ. ಕಾಡಿನ ನಾಯಕನನ್ನು ಕೊಂಬೆಯ ಮೇಲೆ ಅಥವಾ ಬಂಡೆಯ ತುದಿಯಲ್ಲಿ ಇರಿಸಿದರೆ ಈ ಲೆಕ್ಕ ತಿರುವುಮುರುವಾಗುತ್ತದೆ.

ದೇಹರಚನೆ: ಟಾರ್ಜನ್‌ನಂತಹ ಪಾತ್ರಕ್ಕೆ ಮೈಮುಚ್ಚುವ ಉಡುಪಿಲ್ಲದ ಕಾರಣ ಸ್ನಾಯುಗಳ ಜ್ಞಾನ ಅಗತ್ಯ. 1937ರಿಂದ ಟಾರ್ಜನ್ ಚಿತ್ರಕಥೆಯನ್ನು ಮುಂದುವರಿಸಿದ ಬರ್ನ್ ಹೋಗಾರ್ಥ್ ಈ ವಿಷಯದಲ್ಲಿ ಮಾರ್ಗದರ್ಶಕರು. ಅವರ ‘ಡೈನಾಮಿಕ್ ಅನಾಟಮಿ’ (1958) ಚಿತ್ರಕಲಾ ವಿದ್ಯಾರ್ಥಿಗಳು ಬಳಸುವ ಗ್ರಂಥ.

ಬಣ್ಣ: ಸೂಪರ್‌ಹೀರೋನ ಉಡುಪು ಅಪ್ಪಟ ಕೆಂಪು, ನೀಲಿಗಳಲ್ಲಿರುತ್ತದೆ, ಕಾಡಿನ ನಾಯಕ ಹಸಿರು, ಕಂದುಗಳಲ್ಲಿ ಬೆರೆತುಹೋಗುತ್ತಾನೆ. ಒಬ್ಬನು ಕಾಣಿಸಿಕೊಳ್ಳಲು, ಇನ್ನೊಬ್ಬನು ಮರೆಯಾಗಲು ಬಣ್ಣವೇ ಸಾಧನ.

ಕ್ಷಣದ ಆಯ್ಕೆ: ಹೊಡೆತ ಬಿದ್ದ ಕ್ಷಣಕ್ಕಿಂತ ಅದಕ್ಕೆ ಮುಂಚಿನ ಕ್ಷಣವನ್ನು ಆರಿಸಿದರೆ ಫಲಿತಾಂಶ ನೋಡುಗನ ಊಹೆಗೆ ಉಳಿಯುತ್ತದೆ.

ಟೀಕೆ

ಕಾಡಿನ ನಾಯಕನ ಹಳೆಯ ಮಾದರಿಯು ವಸಾಹತು ಕಾಲದ ಚಿಂತನೆಯಿಂದ ರೂಪುಗೊಂಡಿದೆ ಎಂಬುದು ಮುಖ್ಯ ಟೀಕೆ. ಟಾರ್ಜನ್ ಮತ್ತು ಫ್ಯಾಂಟಮ್ ಇಬ್ಬರೂ ಬಿಳಿಯ ವಂಶಸ್ಥರು. ಇಬ್ಬರೂ ಬೇರೆಯವರ ನಾಡಿನಲ್ಲಿ ಒಡೆಯರಾಗುತ್ತಾರೆ. ಅಲ್ಲಿನ ಮೂಲ ನಿವಾಸಿಗಳು ಭಕ್ತರು, ಶತ್ರುಗಳು ಅಥವಾ ಹಿನ್ನೆಲೆಯ ಗುಂಪಾಗಿ ಉಳಿಯುತ್ತಾರೆ. ಈ ದೃಷ್ಟಿಯಿಂದ, ‘ಹೊರಗಿನ’ ಸೂಪರ್‌ಹೀರೋಗೆ ಎದುರಾಗಿ ನಿಲ್ಲುವ ‘ಕಾಡಿನ ಮಗ’ನೂ ಹೊರಗಿನವನೇ. ಬ್ಲ್ಯಾಕ್ ಪ್ಯಾಂಥರ್ ಪಾತ್ರವು ಈ ಮಾದರಿಯನ್ನು ತಲೆಕೆಳಗು ಮಾಡಿದ್ದರಿಂದ ಮಹತ್ವ ಪಡೆಯಿತು: ಅಲ್ಲಿ ನಾಡಿನವನೇ ದೊರೆ, ಸೂಪರ್‌ಹೀರೋಗಳೇ ಅತಿಥಿಗಳು.

ಕರ್ನಾಟಕದ ಸಂದರ್ಭದಲ್ಲಿಯೂ ಈ ಟೀಕೆ ಪ್ರಸ್ತುತ. ನಾಗರಹೊಳೆಯ ಜೇನುಕುರುಬರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ರಾಮನಗರ ಸೀಮೆಯ ಇರುಳಿಗರು ಕಾಡಿನ ಜ್ಞಾನವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಸಮುದಾಯಗಳು. ಆನೆ ಪಳಗಿಸುವುದು, ಜೇನು ಕೀಳುವುದು, ಗೆಡ್ಡೆಗೆಣಸು ಗುರುತಿಸುವುದು ಇವರಿಗೆ ಸಾಹಸವಲ್ಲ, ಬದುಕು. ಅರಣ್ಯವಾಸಿಗಳ ಹಕ್ಕುಗಳನ್ನು ಗುರುತಿಸುವ ಕಾಯ್ದೆ ಭಾರತದಲ್ಲಿ 2006ರಲ್ಲಿ ಅಂಗೀಕಾರವಾಯಿತು. ಕಾಡಿನ ನಾಯಕನನ್ನು ಹೊಸದಾಗಿ ಚಿತ್ರಿಸುವ ಕಲಾವಿದನಿಗೆ, ಆ ನಾಯಕನ ಮುಖ ಯಾರದಾಗಿರಬೇಕು ಎಂಬುದು ಆಯ್ಕೆಯ ವಿಷಯ. ಅಭಿಮಾನಿ ಕಲೆಯು ಮೂಲದ ನಿಯಮಗಳಿಗೆ ಬದ್ಧವಾಗಿಲ್ಲದ ಕಾರಣ ಈ ತಿದ್ದುಪಡಿ ಅದಕ್ಕೆ ಸಾಧ್ಯ. ಆದರೆ ಸಮುದಾಯದ ವೇಷಭೂಷಣವನ್ನು ಮಾತ್ರ ಎರವಲು ಪಡೆದು ಅದರ ಜ್ಞಾನವನ್ನು ಕಡೆಗಣಿಸಿದರೆ ಹಳೆಯ ತಪ್ಪೇ ಹೊಸ ರೂಪದಲ್ಲಿ ಮರುಕಳಿಸುತ್ತದೆ.

ಹಕ್ಕುಸ್ವಾಮ್ಯ

ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಸಾಹಿತ್ಯ ಮತ್ತು ಕಲಾಕೃತಿಗಳ ಹಕ್ಕು ಸಾಮಾನ್ಯವಾಗಿ ಕರ್ತೃವಿನ ಜೀವಿತಾವಧಿ ಹಾಗೂ ಮರಣದ ನಂತರದ 60 ವರ್ಷಗಳವರೆಗೆ ಇರುತ್ತದೆ. ಕಿಪ್ಲಿಂಗ್ 1936ರಲ್ಲಿ, ಬರೋಸ್ 1950ರಲ್ಲಿ ನಿಧನರಾದ ಕಾರಣ ಮೂಲ ಮೌಗ್ಲಿ ಹಾಗೂ ಟಾರ್ಜನ್ ಕಥೆಗಳಿಗೆ ಈ ಅವಧಿ ಮುಗಿದಿದೆ. ಆದರೆ ‘ಟಾರ್ಜನ್’ ಹೆಸರಿನ ವಾಣಿಜ್ಯಮುದ್ರೆಯ ಹಕ್ಕನ್ನು ಲೇಖಕರೇ 1923ರಲ್ಲಿ ಸ್ಥಾಪಿಸಿದ ಸಂಸ್ಥೆಯು ಪ್ರತಿಪಾದಿಸುತ್ತ ಬಂದಿದೆ. ಚಲನಚಿತ್ರಗಳಲ್ಲಿ ಬರುವ ನಂತರದ ರೂಪಗಳಿಗೆ ಪ್ರತ್ಯೇಕ ಹಕ್ಕುಗಳಿವೆ. ಸೂಪರ್‌ಮ್ಯಾನ್‌ನ ಮೊದಲ ಕಥೆಯು ಅಮೆರಿಕದಲ್ಲಿ 2034ರ ಆರಂಭದಲ್ಲಿ ಸಾರ್ವಜನಿಕ ಸ್ವತ್ತಾಗಲಿದೆ.

ಕಾಯ್ದೆಯ 52ನೆಯ ಪ್ರಕರಣವು ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ ಮೊದಲಾದ ಉದ್ದೇಶಗಳಿಗೆ ನ್ಯಾಯಯುತ ಬಳಕೆಯನ್ನು ಅನುಮತಿಸುತ್ತದೆ. ಅಭಿಮಾನಿ ಕಲೆಯನ್ನು ಅದು ಹೆಸರಿಸಿ ಉಲ್ಲೇಖಿಸುವುದಿಲ್ಲ. ವಿದ್ಯಾರ್ಥಿಯು ಅಭ್ಯಾಸಕ್ಕಾಗಿ ಬರೆದ ಚಿತ್ರಕ್ಕೂ ಮಾರಾಟಕ್ಕಾಗಿ ಅಂಗಿಗಳ ಮೇಲೆ ಮುದ್ರಿಸಿದ ಚಿತ್ರಕ್ಕೂ ಕಾನೂನಿನ ದೃಷ್ಟಿಯಲ್ಲಿ ವ್ಯತ್ಯಾಸವಿದೆ. ಹಕ್ಕಿನ ಅವಧಿ ಮುಗಿದ ಪಾತ್ರವನ್ನು ಮೂಲ ಕಥೆಯ ವಿವರಣೆಯಿಂದ ಹೊಸದಾಗಿ ರೂಪಿಸುವುದು, ಅಥವಾ ತಮ್ಮದೇ ನೆಲದಿಂದ ಹೊಸ ನಾಯಕನನ್ನು ಸೃಷ್ಟಿಸುವುದು ಕಲಾವಿದರಿಗೆ ಹೆಚ್ಚು ಸುರಕ್ಷಿತ ದಾರಿಗಳಾಗಿವೆ.